ಖಣಿ ಓಣಿಗೆ ಕರೆಂಟು

ರಾವೂರಿನ ಕಲ್ಲು ಖಣಿಯ ಪಕ್ಕದ ಓಣಿಯಲ್ಲಿ ರಹೀಮಾ ಇದ್ದಳು. ಗಂಡ ತೀರಿಕೊಂಡಿದ್ದ, ಮಕ್ಕಳು ಸಣ್ಣವರು. ಹಗಲು ಖಣಿಯಲ್ಲಿ ಫರಸಿ ಕಲ್ಲು ಹೊರುವಳು, ಸಂಜೆ ಚಿಮಣಿ ದೀಪ ಹಚ್ಚಿ ಕೌದಿ ಹೊಲಿಯುವಳು. ರೇಷನ್ನಿನ ಸೀಮೆಎಣ್ಣೆ ಅರ್ಧ ತಿಂಗಳಿಗೂ ಸಾಲುತ್ತಿರಲಿಲ್ಲ. 1996ರ ಚಳಿಗಾಲದಲ್ಲಿ ಒಂದು ಸಂಜೆ ಚಿಮಣಿ ಉರುಳಿ ಕೌದಿಗೆ ಬೆಂಕಿ ಹತ್ತಿತು. ಮಗಳನ್ನು ಈಚೆ ಎಳೆಯುವಾಗ ರಹೀಮಾಳ ಮುಂಗೈ ಸುಟ್ಟಿತು.

ಮರುದಿನ ಪಂಚಾಯ್ತಿ ಅಧ್ಯಕ್ಷೆ ಸುಂದರಬಾಯಿ ನೋಡಲು ಬಂದಳು. ಮಹಿಳಾ ಮೀಸಲಾತಿಯಲ್ಲಿ ಆರಿಸಿ ಬಂದವಳು. ಸಭೆಯಲ್ಲಿ ಹೆಚ್ಚು ಮಾತಾಡುವವಳಲ್ಲ. ಆ ವಾರ ಮಾತ್ರ ಎದ್ದು ನಿಂತಳು.

"ಬಡವರಿಗಂತ ಬರೂ ಈ ಸಲದ ಭಾಗ್ಯಜ್ಯೋತಿ ಲೈಟೆಲ್ಲಾ ಖಣಿ ಓಣಿಗೇ ಹೋಗ್ಬೇಕು. ನಮ್ಮನಮ್ಮ ಮಂದಿಗೆ ಹಂಚಿದ್ದು ಸಾಕ್ರಿ."

ಠರಾವು ಪಾಸಾಯಿತು. ಆದರೆ ಕಂಬ ನಿಲ್ಲಿಸಲು ಓಣಿಯ ದಾರಿಯಲ್ಲಿ ಹೊಲವಿದ್ದ ಗುರುಲಿಂಗಯ್ಯ ತನ್ನ ಬದುವಿನಲ್ಲಿ ಜಾಗ ಕೊಡಲಿಲ್ಲ. ಟ್ರ್ಯಾಕ್ಟರ್ ತಿರುಗಿಸಲು ಅಡ್ಡವಾಗುತ್ತದೆ ಎಂದ.

"ಹಂಗಾದ್ರ ಓಣಿಗೆ ಹತ್ತಿರ ಇರೂ ನಿಮ್ಮ ಹಿತ್ತಲದಾಗೇ ಕಂಬ ಹಾಕ್ಬೇಕ್ರಿ ಬಾಯಾರ," ಎಂದ ಲೈನ್‌ಮನ್ ಬಾಬುಮಿಯಾ. "ದನದ ಕೊಟ್ಟಿಗಿ ತೆಗೀಬೇಕಾಗ್ತದ."

ಸುಂದರಬಾಯಿಯ ಗಂಡ ಹಣಮಪ್ಪನಿಗೆ ಸಿಟ್ಟು ಬಂತು. "ಎಮ್ಮಿ ಎಲ್ಲಿ ಕಟ್ಟೂದು? ನಮ್ಮನ್ಯಾಗ ಲೈಟ್ ಮೊದಲೇ ಅದ. ನಮಗೇನ್ ಲಾಭ?"

"ಲಾಭ ಏನಿಲ್ರಿ. ರಹೀಮಾನ ಕೈ ಒಮ್ಮೆ ನೋಡ್ಕೊಂಡ್ ಬರ್ರಿ. ಆಮ್ಯಾಲೂ ಬ್ಯಾಡ ಅಂದ್ರ ನಾ ಸುಮ್ನ ಕುಂದರ್ತೀನಿ."

ಹಣಮಪ್ಪ ಹೋಗಿ ಬಂದ. ನೀರು ಕುಡಿದು, ಹಾರೆ ತಗೊಂಡು, ಕೊಟ್ಟಿಗೆಯ ತಗಡು ತಾನೇ ಕೀಳತೊಡಗಿದ.

ಯುಗಾದಿಗೆ ಮುಂಚೆ ಓಣಿಯ ಮನೆಮನೆಗೂ ಒಂದೊಂದು ಬಲ್ಬು ಬಂತು. ಬಾಬುಮಿಯಾ ಫ್ಯೂಸ್ ಹಾಕಿದಾಗ ಹುಡುಗರು ಕೇಕೆ ಹೊಡೆದರು. ರಹೀಮಾ ಮಾತ್ರ ತನ್ನ ಮನೆಯ ಗೋಡೆ ನೋಡುತ್ತ ನಿಂತಳು.

"ಯಾ ಅಲ್ಲಾ, ಗೋಡಿ ಇಷ್ಟ್ ಕರ್ರಗ ಆಗ್ಯಾವ? ಇದೇ ಹೊಗಿ ನನ್ನ ಮಕ್ಳೂ ಕುಡದಾವಲ್ಲ ಅಕ್ಕಾ!"

ಮರುದಿನ ಬೆಳಿಗ್ಗೆ ಸುಂದರಬಾಯಿ ಒಂದು ಬಕೆಟ್ ಸುಣ್ಣ ಕಲಸಿಕೊಂಡು ಬಂದು, ಸೆರಗು ಸಿಕ್ಕಿಸಿ ಆ ಗೋಡೆಗೆ ತಾನೇ ಬಳಿಯತೊಡಗಿದಳು. ನೆರೆಯ ಹೆಂಗಸರೂ ಕೂಡಿದರು. ಮಧ್ಯಾಹ್ನ ಪಂಚಾಯ್ತಿ ಸಭೆಗೆ ಸುಣ್ಣ ಮೆತ್ತಿದ ಸೀರೆಯಲ್ಲೇ ಹೋದಳು. ಯಾರೂ ನಗಲಿಲ್ಲ.

"ಬರೂ ವರ್ಷ ಲೈಟಿಗೆ ಯಾವ ಓಣಿ ಹಿಡಿಯೂದು?" ಎಂದು ಸದಸ್ಯರೊಬ್ಬರು ಕೇಳಿದರು.

"ಲಂಬಾಣಿ ತಾಂಡಾ," ಎಂದಳು ಸುಂದರಬಾಯಿ.