ಶನಿವಾರದ ಕಪ್ಪು

ನನಗೆ ಕಪ್ಪು ಬಳಿಯುತ್ತಿದ್ದ ಮಕ್ಕಳಿಗೆ ನನ್ನ ಮೇಲೆ ಬರೆಯಲು ಬಿಡುತ್ತಿರಲಿಲ್ಲ.

ನಾನೊಂದು ಕರಿಹಲಗೆ. ಹಲಸಿನ ಎರಡು ಹಲಗೆ ಸೇರಿಸಿ ಆಚಾರಿಯೊಬ್ಬ ನನ್ನನ್ನು ಮಾಡಿದ. ಚಾಮರಾಜನಗರದ ಕಡೆಯ ಒಂದು ಸರ್ಕಾರಿ ಶಾಲೆಯ ಗೋಡೆಗೆ ಬಂದು ನಿಂತೆ. ವಾರವಿಡೀ ಸೀಮೆಸುಣ್ಣ ತಿಂದು ಬೆಳ್ಳಗಾಗುತ್ತಿದ್ದೆ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಕೆಳಗಿನ ಕೇರಿಯ ಮಕ್ಕಳು ಉಳಿಯಬೇಕು. ತೊಂಡೆ ಸೊಪ್ಪು, ಇದ್ದಿಲು ಅರೆದು ನನಗೆ ಬಳಿಯಬೇಕು. ಸೋಮವಾರ ಮೇಲಿನ ಬೀದಿಯ ಮಕ್ಕಳು ದಿನಾಂಕ, ಹಾಜರಿ ಬರೆಯುತ್ತಿದ್ದರು. ಇದು ಮೇಷ್ಟ್ರು ಮಾಡಿದ ಏರ್ಪಾಡು. ಏರ್ಪಾಡು ಅಂದಮೇಲೆ ಸರಿಯೇ ಇರಬೇಕು ಅಂದುಕೊಂಡಿದ್ದೆ.

ಕೇರಿಯ ಕೆಂಪಸಿದ್ದಿ ಎಂಬ ಹುಡುಗಿ ಒಂದು ಶನಿವಾರ ಅತ್ತಿತ್ತ ನೋಡಿ ಸೀಮೆಸುಣ್ಣ ಎತ್ತಿಕೊಂಡಳು. ನನ್ನ ಮೈ ಇನ್ನೂ ಹಸಿಯಾಗಿತ್ತು. ಸುಣ್ಣ ಜಾರಿತು, ಅಕ್ಷರ ಮೂಡಲಿಲ್ಲ. ಒಣಗಲೆಂದು ಊದುತ್ತಾ ನಿಂತಳು. ಅಷ್ಟರಲ್ಲಿ ಮೇಷ್ಟ್ರು ಬೀಗ ಹಾಕಲು ಬಂದರು. ಮುಂದಿನ ವರ್ಷ ಅವಳು ಶಾಲೆಗೆ ಬರಲಿಲ್ಲ.

ಆಮೇಲೆ ಗೋಡೆಗೇ ಸಿಮೆಂಟಿನ ಬೋರ್ಡು ಬಂತು. ನನ್ನನ್ನು ಬಿಸಿಯೂಟದ ಅಡುಗೆಮನೆಯ ಹಿಂದಕ್ಕೆ ತಂದು, ನೀರಿನ ತೊಟ್ಟಿಗೆ ಮುಚ್ಚಳ ಮಾಡಿದರು. ಅಡುಗೆಯವಳಾಗಿ ಬಂದವಳು ಕೆಂಪಸಿದ್ದಿಯೇ. ಈಗ ತಲೆ ನರೆತ ಕೆಂಪಸಿದ್ದಮ್ಮ. ದಿನಕ್ಕೆ ಹತ್ತು ಸಲ ನನ್ನನ್ನು ಎತ್ತಿ ಇಡುತ್ತಾಳೆ. ಗುರುತು ಹಿಡಿದಳೋ ಇಲ್ಲವೋ, ನನಗೆ ಇವತ್ತಿಗೂ ತಿಳಿದಿಲ್ಲ.

ಮೊನ್ನೆ ಶಾಲೆಗೆ ಕರೆಂಟಿನ ಗಾಜಿನ ಬೋರ್ಡು ಬಂತು, ಬೆರಳಲ್ಲೇ ಬರೆಯುವಂಥದ್ದು. ಕೊಡಿಸಿದವರು ಗುರುಮಲ್ಲಪ್ಪ, ಮೈಸೂರಿನಲ್ಲಿ ನಿವೃತ್ತ ಎಂಜಿನಿಯರು. ಹಿಂದೆ ನನ್ನ ಮೇಲೆ ಹಾಜರಿ ಬರೆಯುತ್ತಿದ್ದ ಹುಡುಗ. ಹಳೆಯ ಜೊತೆಗಾರರನ್ನೂ ಕರೆತಂದಿದ್ದರು. ಕಿಟಕಿಯಿಂದ ಎಲ್ಲ ಕೇಳಿಸುತ್ತಿತ್ತು.

"ಹಾಜರಿ ಬರಿಯಪ್ಪ ಗುರುಮಲ್ಲ, ಎಷ್ಟು ಜನ ಉಳ್ಕಂಡಿದ್ದೀವಿ ನೋಡವ" ಎಂದ ಒಬ್ಬ. ನಗು. ಗುರುಮಲ್ಲಪ್ಪ ಬೆರಳಿಟ್ಟು ಒತ್ತಿದರು. ಏನೂ ಮೂಡಲಿಲ್ಲ.

"ತಾತ, ಗಟ್ಟಿಯಾಗಿ ಒತ್ಬೇಡಿ. ಸುಮ್ನೆ ಮುಟ್ಟಿ ಸಾಕು" ಎಂದಿತು ಒಂದು ಹೆಣ್ಣುಮಗು.

ಯಾರು ಮುಟ್ಟಿದರೂ ಅಕ್ಷರ ಬರುತ್ತದಂತೆ. ಕೇರಿ ಯಾವುದು ಅಂತ ಕೇಳುವುದಿಲ್ಲವಂತೆ. ಅದು ನನ್ನ ಜಾತಿಯ ವಸ್ತುವೇ? ಹಾಗಾದರೆ ನಾನೇನಾಗಿದ್ದೆ? ನನ್ನ ಬಿರುಕು ಬಿಟ್ಟ ತಲೆಗೆ ಹೊಳೆಯಲಿಲ್ಲ.

"ಮುದುಕನಾಗ್ಬುಟ್ಟೆ ಕಣಯ್ಯ" ಎನ್ನುತ್ತಾ ಗುರುಮಲ್ಲಪ್ಪ ಹಿತ್ತಲಿಗೆ ಬಂದರು. ನನ್ನನ್ನು ಕಂಡು ಕಣ್ಣೊರೆಸಿಕೊಂಡರು. ಜಗಲಿಗೆ ಹೊರಿಸಿ, ಹಾರ ಹಾಕಿ, ಮಕ್ಕಳಿಗೆ ಹೇಳಿದರು: "ನಮ್ ಕಾಲ ಚಿನ್ನದಂಗಿತ್ತು. ಭೇದಭಾವ ಒಂದೂ ಇಲ್ಲ. ನಾವೇ ಸೊಪ್ಪು ಅರೆದು ಇದಕ್ಕೆ ಬಳೀತಿದ್ವಿ."

ಅವರ ಅಂಗೈ ಕಪ್ಪಾದ ಒಂದು ದಿನವೂ ನನಗೆ ನೆನಪಿಲ್ಲ. ನನ್ನ ನೆನಪೇ ಕೆಟ್ಟಿತೇನೋ ಅಂದುಕೊಂಡೆ. ಅಷ್ಟರಲ್ಲಿ ಅವರು ಅಡುಗೆಮನೆಯತ್ತ ತಿರುಗಿದರು.

"ಏ ಕೆಂಪಸಿದ್ದಿ, ಸೊಪ್ಪು ಇದ್ದಿಲು ತಕ್ಕಂಡು ಬಾ. ಆಗ ನೀನು ಬಳೀತಿದ್ದಂಗೆ ಒಂದ್ಸಲ ಬಳಿ. ವಿಡಿಯೋ ಮಾಡ್ಕತೀವಿ."

ಅಂದರೆ ಬಳಿದವರು ಯಾರೆಂದು ಅವರಿಗೆ ಗೊತ್ತಿತ್ತು. ಇಷ್ಟು ವರ್ಷವೂ ಗೊತ್ತಿತ್ತು.

ಒಂದು ಮಾತು ಮುಚ್ಚಿಡಲಾರೆ. ನನಗೂ ಆಸೆಯಾಯಿತು. ಆ ಸೊಪ್ಪಿನ ತಣ್ಣನೆ ರಸ ಇನ್ನೊಮ್ಮೆ ಮೈಗೆ ಬೀಳಲಿ, ಆ ಗಾಜಿನೆದುರು ಒಂದು ದಿನವಾದರೂ ಕರ್ರಗೆ ನಿಲ್ಲೋಣ ಅನ್ನಿಸಿತು. ಬಳಿಯಲಿ ಅಂತ ಬಯಸಿದ ನಾನು ಯಾರ ಕಡೆಯವನು?

ಕೆಂಪಸಿದ್ದಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು. "ಈ ಸಾಹೇಬ್ರೂ ಬಳೀತಿದ್ರಂತಲ್ಲ. ಅವ್ರೇ ಬಳೀಲಿ. ತೊಂಡೆ ಬಳ್ಳಿ ಎಲ್ಲದೆ ಅಂತ ನಾ ತೋರುಸ್ತೀನಿ."

ಮಕ್ಕಳು ಕಿಸಕ್ಕೆಂದವು. ಗುರುಮಲ್ಲಪ್ಪ ಫೋನು ಕೆಳಗಿಳಿಸಿದರು. ಹೆಡ್ ಮೇಡಂ ಓಡಿಬಂದು ಅವಳ ಕಿವಿಯ ಹತ್ತಿರ ಬಾಗಿದರು.

"ಎರಡೇ ನಿಮಿಷ ಕೆಂಪಸಿದ್ದಮ್ಮ. ಶಾಲಾ ಸಮಿತಿ ಅಧ್ಯಕ್ಷರು ಇವರ ತಮ್ಮ. ಜೂನ್‌ನಲ್ಲಿ ನಿಮ್ಮನ್ನ ಮತ್ತೆ ಕೆಲಸಕ್ಕೆ ತಗೋಬೇಕೋ ಬೇಡ್ವೋ ಅಂತ ಹೇಳೋರು ಅವರೇ. ಸುಮ್ನೆ ಬಳಿದ್ಬಿಡಿ."

ಕೆಂಪಸಿದ್ದಮ್ಮ ನನ್ನತ್ತ ನೋಡಲಿಲ್ಲ. ಮೇಡಂ ಮುಖವನ್ನೇ ನೋಡಿದಳು.

"ಜೂನ್ ಬರ್ಲಿ, ನೋಡವ. ನಾ ಬಳಿಯಲ್ಲ ಕನಿ."