ಸೊಸೆಯ ಕೈಗೆ ಬಂದ ರಜೆಯ ಖರ್ಚು

ಕಣ್ಣಿನ ಆಪರೇಷನ್ ಆದಮೇಲೆ ಅತ್ತೆ ಮನೆಯ ಖರ್ಚುವೆಚ್ಚವನ್ನೆಲ್ಲ ಸೊಸೆಗೆ ವಹಿಸಿಕೊಟ್ಟರು. ಕೊಟ್ಟದ್ದೇನೋ ಸರಿ, ಮನಸ್ಸು ಮಾತ್ರ ಅಲ್ಲೇ ಸುಳಿಯುತ್ತಿತ್ತು. ಅದರಲ್ಲೂ ವರ್ಷದ ಕೊನೆಯ ರಜೆ ಹತ್ತಿರ ಬಂದಿತ್ತು. ಮಗಳು ಗಂಡ, ಮಕ್ಕಳೊಂದಿಗೆ ತವರಿಗೆ ಬರುವ ಕಾಲ.

ಸೊಸೆ ಪರದೆ ಹೊಲಿಯುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಕಿಟಕಿ ನೋಡಿದರೆ ಸಾಕು, ಎಷ್ಟು ಬಟ್ಟೆ ಬೇಕೆಂದು ಹೇಳಬಲ್ಲವಳು. ಊಟದ ಮೇಜಿನ ಮೇಲೆ ಗಂಡನದೂ ತನ್ನದೂ ಸಂಬಳವನ್ನು ಹರಡಿ, ಬಾಡಿಗೆ, ದಿನಸಿ, ಕರೆಂಟು ಎಂದು ವಿಂಗಡಿಸಿದಳು. ಉಡುಗೊರೆಗೆಂದು ಉಳಿದದ್ದನ್ನು ಕಂಡು ಅತ್ತೆ ಮುಖ ಸಿಂಡರಿಸಿದರು.

“ಇಷ್ಟರಲ್ಲಿ ಅಳಿಯಂದ್ರಿಗೆ ಏನ್ ಬರುತ್ತೆ? ಹೋದ್ಸಲ ವಾಚ್ ಕೊಟ್ಟಿದ್ವಿ.”

“ಆ ವಾಚಿನ ಕಂತು ಕಟ್ಟೋ ಹೊತ್ತಿಗೆ ನಮ್ಮ ಟೈಮೇ ಕೆಟ್ಟಿತ್ತು, ಅತ್ತೆ.”

ಗಂಡ ನಗು ತಡೆಯಲಾರದೆ ನೀರಿನ ಲೋಟ ಬಾಯಿಗಿಟ್ಟುಕೊಂಡ.

ಸೊಸೆ ಅಲ್ಲೇ ನಾದಿನಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು. “ಅಕ್ಕಾ, ನಿಮ್ಮತ್ರ ಮುಚ್ಚುಮರೆ ಯಾಕೆ? ಈ ಸಲ ಹೊಟ್ಟೆತುಂಬ ಊಟ, ಮಕ್ಕಳಿಗೆ ಒಂದೊಂದು ಆಟಿಕೆ, ಒಂದಿನ ಎಲ್ಲರೂ ಕೆರೆ ಕಡೆ ಹೋಗಿ ಬರೋದು. ದೊಡ್ಡೋರಿಗೆ ಉಡುಗೊರೆ ಇಲ್ಲ. ನೀವೂ ತರ್ಬೇಡಿ.”

“ಮಾನ ಕಳೆದ್ಲು!” ಎಂದು ಅತ್ತೆ ಹಣೆ ಒತ್ತಿಕೊಂಡರು.

ಆ ಕಡೆಯಿಂದ ನಾದಿನಿ ಗೊಳ್ಳೆಂದು ನಕ್ಕಳು. “ಅಬ್ಬಾ, ನೀನಾದ್ರೂ ಬಾಯಿಬಿಟ್ಟೆಯಲ್ಲ! ನೀವು ಕೊಟ್ಟಷ್ಟೇ ನಾವೂ ಕೊಡ್ಬೇಕು ಅಂತ ಪ್ರತಿ ವರ್ಷ ಕೈಸಾಲ ಮಾಡ್ತಿದ್ವಿ. ಅಮ್ಮ ಬೇಜಾರು ಮಾಡ್ಕೊಂಡಾಳು ಅಂತ ಸುಮ್ನಿದ್ದೆ.”

ಅತ್ತೆ ಮೆಲ್ಲನೆ ಕುರ್ಚಿಯಲ್ಲಿ ಕುಳಿತರು. “ನನ್ನ ಹತ್ರ ಹೇಳ್ಬಾರ್ದಿತ್ತೇನೇ?”

“ಅಷ್ಟು ಧೈರ್ಯ ಯಾರಿಗಿತ್ತಮ್ಮ?”

ರಜೆಯಲ್ಲಿ ಮಗಳ ಸಂಸಾರ ಒಂದು ಬುಟ್ಟಿ ಹಣ್ಣು ಹಿಡಿದು ಬಂತು. ಕೆರೆಯ ದಂಡೆಯಲ್ಲಿ ಅಳಿಯ ಮಕ್ಕಳ ಜೊತೆ ಓಡಾಡಿ ಬೆವರಿಳಿಸಿಕೊಂಡ. ಅಲ್ಲಿ ಸಿಕ್ಕ ಹಳೆಯ ನೆರೆಮನೆಯಾಕೆ, “ಈ ಸಲ ಅಳಿಯಂಗೆ ಏನ್ ಕೊಟ್ರಿ?” ಎಂದು ಅತ್ತೆಯನ್ನು ಕೆಣಕಿದಳು.

ಅತ್ತೆ ಬೆನ್ನು ನೆಟ್ಟಗೆ ಮಾಡಿಕೊಂಡರು. “ಏನೂ ಇಲ್ಲ! ನಮ್ಮನೆ ಯಜಮಾನಿಕೆ ಈಗ ನನ್ನ ಸೊಸೇದು. ನನ್ನ ಕೈಲಿ ಇಷ್ಟು ವರ್ಷ ಆಗದೇ ಇದ್ದದ್ದನ್ನ ಅವಳು ಒಂದು ಫೋನಲ್ಲಿ ಮುಗಿಸಿದ್ಲು.”

ಮಗುವಿನ ಬೂಟಿನ ದಾರ ಕಟ್ಟುತ್ತಿದ್ದ ಸೊಸೆಗೆ ಅದು ಕೇಳಿಸಿತು. ತಲೆಯೆತ್ತಲಿಲ್ಲ. ಬಿಗಿಯಾಗಿದ್ದ ಗಂಟನ್ನೇ ಬಿಚ್ಚಿ ಮತ್ತೊಮ್ಮೆ ಕಟ್ಟಿದಳು.