ಅರ್ಜಿ ಯಾರ ಹೆಸರಿಗೆ

ಅಜ್ಜಂಪುರದಲ್ಲಿ ಅರ್ಜಿ ಬರೆಯುವವನು ಓಂಕಾರಮೂರ್ತಿ. ಮೂವತ್ತು ವರ್ಷದಿಂದ ಅದೇ ಬೇವಿನ ಮರ, ಅದೇ ಮಡಚುವ ಮೇಜು. ಅರ್ಜಿಯೊಳಗೆ ಏನು ಬರೆದೆ ಅನ್ನುವುದು ಆಮೇಲೆ, ಯಾರಿಗೆ ಬರೆದೆ ಅನ್ನುವುದೇ ಅದರ ಜೀವ ಎಂದು ಅವನ ವಾದ. ಮೇಲೆ ‘ಇವರಿಗೆ’, ಅದರ ಕೆಳಗೆ ‘ಇವರ ಮುಖಾಂತರ’, ಕೊನೆಯಲ್ಲಿ ‘ಪ್ರತಿ’. ಈ ಮೂರು ನೆಟ್ಟಗಿದ್ದರೆ ಕಲ್ಲೂ ಕರಗುತ್ತದೆ ಎನ್ನುತ್ತಿದ್ದ. ಜಂಬ ಅಂದರೆ ಜಂಬವೇ ಬಿಡಿ.

ಆ ಜಂಬಕ್ಕೆ ಏಟು ಬಿದ್ದದ್ದು ತರೀಕೆರೆಯಿಂದ ಬೇರೆಯಾಗಿ ಅಜ್ಜಂಪುರವೇ ಒಂದು ತಾಲ್ಲೂಕಾದ ಮೇಲೆ. ಓಬಮ್ಮ ಎಂಬ ಮುದುಕಿಯ ಮನೆ ದಾರಿಗೆ ಪಕ್ಕದವನು ಬೇಲಿ ಬಡಿದಿದ್ದ. ಓಂಕಾರಮೂರ್ತಿ ಸೊಗಸಾದ ಅರ್ಜಿ ಬರೆದುಕೊಟ್ಟ. ಆದರೆ ಕೈ ಹಳೇ ರೂಢಿಯಲ್ಲಿ ‘ತಹಶೀಲ್ದಾರರು, ತರೀಕೆರೆ’ ಎಂದು ಬರೆದುಬಿಟ್ಟಿತ್ತು. ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಅದು ನ್ಯಾಯವಾಗಿಯೇ ವಾಪಸ್ಸು ಬಂತು. ಅಷ್ಟರಲ್ಲಿ ಓಬಮ್ಮ ತೀರಿಕೊಂಡಿದ್ದಳು. ಹೆಣ ಸುತ್ತು ದಾರಿಯಲ್ಲೇ ಹೋಯಿತು. ಹೆಗಲು ಕೊಟ್ಟವರಲ್ಲಿ ಇವನೂ ಒಬ್ಬ.

ಇಂಥವನ ಹೆಂಡತಿ ತೀರ್ಥಮ್ಮನಿಗೆ ಲಕ್ವ ಹೊಡೆಯಿತು. ಕಡೂರಿನಲ್ಲಿ ಕ್ರೈಸ್ತ ಸಿಸ್ಟರುಗಳು ನಡೆಸುವ ಸಣ್ಣ ಆಸ್ಪತ್ರೆಗೆ ಸೇರಿಸಿದರು. ಏಳು ದಿನವಾದರೂ ಮಾತಿಲ್ಲ. ಕಣ್ಣು ಬಿಟ್ಟು ಫ್ಯಾನು ನೋಡುತ್ತಾಳೆ, ಗಂಜಿ ಹುಯ್ದರೆ ನುಂಗುತ್ತಾಳೆ, ಯಾರ ಕಡೆಗೂ ತಿರುಗುವುದಿಲ್ಲ. ಹೆಸರು ಹಿಡಿದು ಕರೆಯುತ್ತಿರಿ, ಮಾತಾಡಿಸುತ್ತಿರಿ, ಮಾತು ಬಂದರೂ ಬರಬಹುದು ಎಂದರು ಡಾಕ್ಟರು.

“ಅದು ನಮ್ಮಲ್ಲಿ ರೂಢಿಯಿಲ್ಲ ಸಾರ್,” ಅಂದ ಓಂಕಾರಮೂರ್ತಿ, ನೆಲ ನೋಡುತ್ತ.

ಸುಳ್ಳಲ್ಲ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಹೆಂಡತಿಯ ಹೆಸರನ್ನು ಅವನು ಒಮ್ಮೆಯೂ ಬಾಯಲ್ಲಿ ಆಡಿದವನಲ್ಲ. ‘ಏ’, ‘ಇವಳೇ’, ‘ಎಲ್ಲಿದೀಯೇ’ ಎಂಬ ಮೂರರಲ್ಲೇ ಮಕ್ಕಳು ಹುಟ್ಟಿ, ಬೆಳೆದು, ಅವರ ಮದುವೆಗಳೂ ಮುಗಿದಿದ್ದವು. ಗಂಡಸು ಹೆಂಡತಿಯ ಹೆಸರು ಕೂಗಿದರೆ ಅವರ ಮನೆತನದಲ್ಲಿ ಹೆಂಗಸರೇ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು.

ದಿನಾ ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಬೇಡಿಕೊಳ್ಳುತ್ತಿದ್ದ. ಎಂಟನೆಯ ದಿನ ಗೋಡೆಯ ಮೇಲಿನ ಶಿಲುಬೆ ನೋಡುತ್ತಿದ್ದಂತೆ ಥಟ್ಟನೆ ಹೊಳೆಯಿತು. ಅಯ್ಯೋ ಶಿವನೇ, ಇವಳು ಮಲಗಿರುವುದು ಇವರ ಸರಹದ್ದಿನಲ್ಲಲ್ಲವೇ? ನಾನು ಮತ್ತೆ ತರೀಕೆರೆಗೇ ಬರೆಯುತ್ತ ಕೂತಿದ್ದೇನಲ್ಲ! ಓಬಮ್ಮನನ್ನು ಹೊತ್ತ ಹೆಗಲು ಮತ್ತೆ ನೋಯತೊಡಗಿತು.

ಬ್ಯಾಗಿನಿಂದ ಬಿಳಿ ಹಾಳೆ ತೆಗೆದುಕೊಂಡು ಸಿಸ್ಟರ್ ಶರ್ಮಿಳಾ ಅವರನ್ನು ವರಾಂಡದಲ್ಲೇ ತಡೆದ. ನಿಮ್ಮಲ್ಲಿ ಪ್ರಾರ್ಥನೆ ಯಾರ ಹೆಸರಿಗೆ ಹೋಗಬೇಕು ಎಂದು ಕೇಳಿದ. ಔಷಧಿ ಟ್ರೇ ಹಿಡಿದೇ ಅವರು ತಾಳ್ಮೆಯಿಂದ ಹೇಳಿದರು: ಯೇಸುವೇ ಕಲಿಸಿದ ಹಾಗೆ ತಂದೆಗೆ, ಮಗನ ಹೆಸರಿನಲ್ಲಿ, ಪವಿತ್ರಾತ್ಮನ ಸಹಾಯದಿಂದ.

ಓಂಕಾರಮೂರ್ತಿಯ ಮುಖ ಅರಳಿತು. ಎಂಥ ಅಚ್ಚುಕಟ್ಟಾದ ಕಚೇರಿ! ‘ಇವರಿಗೆ: ತಂದೆಯವರು. ಮುಖಾಂತರ: ಮಗ.’ ಸಹಾಯ ಮಾಡುವವರು ಗುಮಾಸ್ತರೋ ಶಿರಸ್ತೇದಾರರೋ ಎಂದು ವಿಚಾರಿಸಿದ. ವರಾಂಡದ ಗಾಜಿನ ಪೆಟ್ಟಿಗೆಯಲ್ಲಿ ವಿಗ್ರಹವಾಗಿ ನಿಂತಿದ್ದ ಯೇಸುವಿನ ಮಾತೆಯವರ ಪಾತ್ರವೇನೆಂದೂ ಕೇಳಿದ. ಅವರು ನಮಗಾಗಿ ಬೇಡಿಕೊಳ್ಳುತ್ತಾರೆ ಎಂದರು ಸಿಸ್ಟರು. ಶಿಫಾರಸು ಅನ್ನಿ ಎಂದು ತಲೆದೂಗಿ ‘ಪ್ರತಿ: ಮಾತೆಯವರಿಗೆ’ ಎಂದು ಸೇರಿಸಿದ. ಮಗನ ಹೆಸರನ್ನು ನಾವು ಕೊನೆಯಲ್ಲಿ ಹೇಳುತ್ತೇವೆ ಎಂದು ಅವರು ಅಂದಾಗ ಮಾತ್ರ ಇವನು ಒಪ್ಪಲಿಲ್ಲ. ಮುಖಾಂತರ ಎಂದಾದರೂ ಕೆಳಗಿರುತ್ತದೆಯೇ?

ಆಮೇಲೆ ಸಿಸ್ಟರು ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬರೇ, ಯಾರನ್ನು ಕರೆದರೂ ಸೇರುತ್ತದೆ ಎಂದುಬಿಟ್ಟರು. ಪೆನ್ನು ನಿಂತಿತು.

“ಹಂಗಾದ್ರೆ ತಿರಸ್ಕಾರ ಆದ್ರೆ ಮೇಲ್ಮನವಿ ಯಾರಿಗೆ ಹಾಕೋದು ಸಿಸ್ಟರ್?”

ಸಿಸ್ಟರು ಟ್ರೇ ಕೆಳಗಿಟ್ಟರು. ಅವನು ಅಷ್ಟರಲ್ಲಿ ನಾಲ್ಕು ಹಾಳೆ ಹರಿದಿದ್ದ, ಐದನೆಯದು ಕೈಯಲ್ಲಿತ್ತು. ವಿಳಾಸ ತಪ್ಪಾದರೆ ಇವಳು ಹೋಗಿಬಿಡುತ್ತಾಳೆ ಸಿಸ್ಟರ್, ನನಗೆ ಭಯ ಎಂದು ಹೇಳಿಯೇಬಿಟ್ಟ. ಅವರು ಹಾಳೆ ಇಸಿದುಕೊಂಡು ಮಡಚಿಟ್ಟರು.

“ಕಾಗದ ಬೇಡ ಕಣ್ರೀ. ನಿಮ್ಮ ಮನೆಯವ್ರ ಪಕ್ಕ ನಿಂತ್ಕೊಂಡು ಬಾಯಿಬಿಟ್ಟು ಹೇಳಿ. ತಂದೆ ಅಂದ್ಮೇಲೆ ಅಪ್ಪನೇ ಅಲ್ವಾ?”

ಓಂಕಾರಮೂರ್ತಿ ಚಪ್ಪಲಿ ಬಿಟ್ಟು ಮಂಚದ ಪಕ್ಕ ಕೈಕಟ್ಟಿ ನಿಂತ. ಆಚೀಚೆ ಮಂಚದವರು ಎದ್ದು ಕೂತರು. ಅವನು ಗಂಟಲು ಸರಿಮಾಡಿಕೊಂಡ.

“ಅಪ್ಪಾ,” ಅಂದ. “ಮಾನ್ಯರೇ. ವಿಷಯ ಏನಂದ್ರೆ, ನಮ್ಮ ಮನೆಯವಳಿಗೆ ಮಾತು ನಿಂತೋಗಿದೆ.”

ಅಲ್ಲಿಗೆ ತಡೆದ. ಮನೆಯವಳು ಅಂದರೆ ಯಾರು? ಕಡೂರು ತಾಲ್ಲೂಕಿನಲ್ಲಿ ಎಷ್ಟು ಸಾವಿರ ಮನೆ, ಎಷ್ಟು ಸಾವಿರ ಮನೆಯವಳು! ಹೆಸರಿಲ್ಲದ ಅರ್ಜಿ ಮೂಗರ್ಜಿ, ಅದನ್ನು ಯಾವ ಕಚೇರಿಯೂ ಮುಟ್ಟುವುದಿಲ್ಲ. ಇದು ಅವನೇ ಸಾವಿರ ಜನಕ್ಕೆ ಹೇಳಿಕೊಟ್ಟ ಪಾಠ. ಬೆವರು ಒರೆಸಿಕೊಂಡ. ಬಾಗಿಲಲ್ಲಿ ಸಿಸ್ಟರು ಕಣ್ಣುಮುಚ್ಚಿ ನಿಂತಿದ್ದರು, ಅಲ್ಲಿಂದ ಸಹಾಯ ಬರುವ ಹಾಗಿರಲಿಲ್ಲ.

“ಹೆಸ್ರು,” ಅಂದ. “ಹೆಸ್ರು ತೀರ್ಥಮ್ಮ.”

ಬಾಯಿಂದ ಬಂದ ಆ ಹೆಸರು ಅವನಿಗೇ ಹೊಸದಾಗಿ ಕೇಳಿಸಿತು. ಮುಂದಿನ ಸಾಲು ಮರೆತುಹೋಯಿತು. ಮುಖಾಂತರವೂ ಹೋಯಿತು, ಪ್ರತಿಯೂ ಹೋಯಿತು. ಮೇಲೆ ನೋಡುತ್ತಿದ್ದವನು ಕೆಳಗೆ ನೋಡಿದ. ತೀರ್ಥಮ್ಮ ಎಂದು ಇನ್ನೊಮ್ಮೆ ಕರೆದ, ತೀರ್ಥಾ ಎಂದ, ಕಣ್ಣೀರು ಮೂಗಿನ ತುದಿಗೆ ಬಂದರೂ ಒರೆಸಿಕೊಳ್ಳದೆ ಕೂಗಿದ. ಪಕ್ಕದ ಮಂಚದ ಹೆಂಗಸು ಬಾಯಿಗೆ ಸೆರಗು ಹಿಡಿದಳು.

ಫ್ಯಾನು ನೋಡುತ್ತಿದ್ದ ಕಣ್ಣು ಮೆಲ್ಲಗೆ ಇತ್ತ ತಿರುಗಿತು. ಸೊಟ್ಟಗಾಗಿದ್ದ ತುಟಿ ಎರಡು ಸಲ ಅಲ್ಲಾಡಿತು.

“ಮೆಲ್ಲಗೆ ಕಣ್ರೀ,” ಅಂದಳು ತೀರ್ಥಮ್ಮ, ತೊದಲುತ್ತ. “ಜನ ಇದಾರೆ.”

ಓಂಕಾರಮೂರ್ತಿ ಅವಳ ಮಾತು ಕೇಳಲಿಲ್ಲ. ಇಡೀ ವಾರ್ಡಿಗೆ ಕೇಳುವ ಹಾಗೆ ಅವಳ ಹೆಸರನ್ನು ಇನ್ನೊಂದು ಸಲ ಕೂಗಿದ.